ಐದು ವರ್ಷದ ಬೀಗ

ದುಬೈಯ ಡಿಸ್ಕವರಿ ಗಾರ್ಡನ್ಸಿನ ಕಟ್ಟಡಗಳೆಲ್ಲ ಒಂದೇ ಅಚ್ಚಿನವು. ಅಲ್ಲಿ ತಮ್ಮ ಮನೆ ಎಂದುಕೊಂಡು ಬೇರೆಯವರ ಮನೆಗೆ ನುಗ್ಗಿ, ಊಟ ಮುಗಿಸಿ, ಕೈ ತೊಳೆಯುವಾಗ ಸೋಪಿನ ಬಣ್ಣ ನೋಡಿ ತಪ್ಪು ಗೊತ್ತಾಗಿ ಎದ್ದು ಬಂದವರಿದ್ದಾರೆ. ಆದರೆ ಕಜೆತಾನ್ ಲೋಬೋನ ಫ್ಲ್ಯಾಟು ಹುಡುಕುವಾಗ ಇವತ್ತಿನವರೆಗೆ ಒಬ್ಬನೂ ದಾರಿ ತಪ್ಪಿಲ್ಲ. ಅವನ ಸ್ವರ ಕೆಳಗೆ ಪಾರ್ಕಿಂಗಿನವರೆಗೆ ಇಳಿದು ಬಂದು, ಅತಿಥಿಯ ಕೈಹಿಡಿದು, ಲಿಫ್ಟಿನ ಗುಂಡಿಯನ್ನೂ ತಾನೇ ಒತ್ತಿ ಮೇಲೆ ಕರೆದುಕೊಂಡು ಹೋಗುತ್ತಿತ್ತು.

ಆ ಸ್ವರದಲ್ಲಿ ಮುಕ್ಕಾಲು ಪಾಲು ಅಮೆರಿಕ. ಹೂಸ್ಟನ್ನಿನಲ್ಲಿ ಎಣ್ಣೆ ಕೊಳವೆಗಳಿಗೆ ವಾಲ್ವ್ ಮಾಡುವ ಕಂಪೆನಿಯಲ್ಲಿ ದುಡಿದು, ಅಲ್ಲಿಯ ಪೌರನೂ ಆಗಿ, ಅದೇ ಕಂಪೆನಿಯ ಜೆಬೆಲ್ ಅಲಿ ಶಾಖೆಗೆ ಬಂದವನು ಅವನು. ಪಾರ್ಟಿಗೆ ಹೋಗುವಾಗ ಅಮೆರಿಕದ ನೀಲಿ ಪಾಸ್‌ಪೋರ್ಟನ್ನು ಅಂಗಿಯ ಜೇಬಿನಲ್ಲಿ ಅರ್ಧ ಇಣುಕುವ ಹಾಗೆ ಇಟ್ಟುಕೊಳ್ಳುತ್ತಿದ್ದ. ಕೇಕ್ ಕತ್ತರಿಸುವ ಮೊದಲು ಜನ ಅದಕ್ಕೊಂದು ನಮಸ್ಕಾರ ಹಾಕದಿದ್ದರೆ ಮೇಣದಬತ್ತಿಗಳಿಗೇ ಬೇಸರವಾಗುತ್ತಿತ್ತು. ಯಾರು ಯಾವ ವಿಷಯ ಎತ್ತಿದರೂ ಅವನ ಉತ್ತರ ಒಂದೇ: "ನಿನಗೆ ಗೊತ್ತಿಲ್ಲ ಬಿಡು, ನಾನು ಹೇಳ್ತೇನೆ." ಈ ಮಾತನ್ನು ಅವನಿಂದ ಅತಿ ಹೆಚ್ಚು ಸಲ ಕೇಳಿಸಿಕೊಂಡವನು ಹೆಂಡತಿಯ ಅಣ್ಣ ಸೆಬಾಸ್ಟಿಯನ್. ತನ್ನದೇ ಮಗಳು ಅಲಿಶಾಳ ನಿಶ್ಚಿತಾರ್ಥದ ದಿನ, ಬೀಗರ ಎದುರಿಗೇ, ಮೈಕಿನಲ್ಲಿ ಕೇಳಿಸಿಕೊಂಡಿದ್ದ. ಸೆಬಾಸ್ಟಿಯನ್ ಅವತ್ತು ನಕ್ಕ. ಆ ನಗುವನ್ನು ಕತ್ತರಿಸಿ ಒಣಗಿಸಿ ಉಪ್ಪು ಹಾಕಿ ಭರಣಿಯಲ್ಲಿ ಇಟ್ಟ.

2017ರಲ್ಲಿ, ಕಜೆತಾನನಿಗೆ ಅರುವತ್ತು ತುಂಬಿದ ವರ್ಷವೇ, ಕಂಪೆನಿ ಜೆಬೆಲ್ ಅಲಿಯ ಅಂಗಡಿ ಮುಚ್ಚಿತು. ಅವನು ಅಳಲಿಲ್ಲ. ಹೆಂಡತಿ ಜೋಸ್ಫಿನ್ ಆಸ್ಪತ್ರೆಯಲ್ಲಿ ನರ್ಸು; ಅವಳ ವೀಸಾದ ಬಾಲ ಹಿಡಿದು ಉಳಿದುಕೊಂಡ. ಅವಳ ಸಂಬಳವನ್ನು ಮಗಳು ಆನ್ ಮರಿಯಾಳ ಮೆಡಿಕಲ್ ಕಾಲೇಜು ಬಂದ ದಿನವೇ ನುಂಗುತ್ತಿತ್ತು. ಆದರೇನು? ಕಜೆತಾನನಿಗೆ ಅವನ ರಾಥ್ ಇತ್ತು.

ರಾಥ್ ಎಂದರೆ ಹಳೆ ಕಂಪೆನಿ ಅವನ ಹೆಸರಲ್ಲಿ ನಡೆಸುತ್ತಿದ್ದ ನಿವೃತ್ತಿಯ ಖಾತೆ. ಹಾಕುವಾಗಲೇ ತೆರಿಗೆ ಕಟ್ಟಿ ಹಾಕುವುದು, ವಯಸ್ಸಾದ ಮೇಲೆ ತೆಗೆಯುವಾಗ ಲಾಭಕ್ಕೂ ಸೇರಿ ತೆರಿಗೆ ಸೊನ್ನೆ. ಕಂಪೆನಿ ಬಿಟ್ಟ ಮೇಲೆ ಅದನ್ನು ಸ್ವಂತ ಖಾತೆಗೆ, ಅಂದರೆ ಐ.ಆರ್.ಎ.ಗೆ, ಸಾಗಿಸಬಹುದು. ಕಜೆತಾನ್ ಸಾಗಿಸಿದ. ಸಾಗಿಸಿದ್ದಕ್ಕೆ ಅಮೆರಿಕ ಒಂದು ಕಾಸೂ ಕೇಳಲಿಲ್ಲ. ಆ ಸಂಜೆ ಅವನು ಕಟ್ಟಡದ ವಾಚ್‌ಮನ್ನನ್ನೂ ಬಿಡದೆ ಎಲ್ಲರಿಗೂ ಹೇಳಿದ: "ಅಮೆರಿಕ ಸರಕಾರ ನನ್ನ ಮುಂದೆ ಟೊಪ್ಪಿ ತೆಗೆದು ನಿಂತಿದೆ!"

ಈ ಧೈರ್ಯದ ಮೇಲೆಯೇ ಅವನು ಸತ್ವಾ ಬಡಾವಣೆಯಲ್ಲಿ ಜುಬೈದಳಿಗೆ ಮಾತು ಕೊಟ್ಟದ್ದು.

ಜುಬೈದ ಉಳ್ಳಾಲದ ಬ್ಯಾರಿ ಹೆಂಗಸು. ಟೈಲರುಗಳ ಸಾಲಿನ ಹಿಂದೆ ಅವಳದೊಂದು ಪುಟ್ಟ ಕೆಫೆಟೇರಿಯಾ. ಅವಳು ಬಂಗುಡೆ ಹುರಿಯಲು ಇಟ್ಟರೆ ಸತ್ವಾದ ಅಷ್ಟೂ ಹೊಲಿಗೆ ಯಂತ್ರಗಳು ನಿಲ್ಲುತ್ತಿದ್ದವು. ಒಂದು ಸಲ ಒಬ್ಬ ಟೈಲರು ಆ ಪರಿಮಳಕ್ಕೆ ಮೈಮರೆತು ಒಂದು ಪ್ಯಾಂಟಿಗೆ ಮೂರು ಕಾಲು ಹೊಲಿದಿದ್ದ. ಪಕ್ಕದ ಅಂಗಡಿ ಖಾಲಿಯಾದಾಗ ಜುಬೈದ ಅದನ್ನೂ ಹಿಡಿಯಬೇಕೆಂದಳು. ಕಜೆತಾನ್ ಅರ್ಧ ಪಾಲುದಾರ ಆಗುವುದೆಂದೂ, ಮುಂದಿನ ವರ್ಷದ ಬಾಡಿಗೆ ಅವನದೆಂದೂ ನಿಶ್ಚಯವಾಯಿತು. ಮಾಲೀಕನ ಏಜೆಂಟು ಅಲ್ಲಿಯ ಪದ್ಧತಿಯಂತೆ ಮುಂದಿನ ತಾರೀಕಿನ ಚೆಕ್ ಕೇಳಿದ. ಕಜೆತಾನ್ ಡಿಸೆಂಬರ್ ಕೊನೆಯ ತಾರೀಕು ಹಾಕಿ, ಸಹಿಯ ಬಾಲವನ್ನು ಚೆಕ್ಕಿನಿಂದ ಹೊರಗೆ ಮೇಜಿನ ಮೇಲೂ ಎರಡು ಗೇಣು ಎಳೆದ.

"ಪೊರ್ಬುಗಳೇ, ಚೆಕ್ ಬೌನ್ಸ್ ಆದ್ರೆ ಇಲ್ಲಿ ಪೊಲೀಸ್ ಕೇಸು, ಗೊತ್ತುಂಟಲ್ಲ?" ಎಂದಳು ಜುಬೈದ, ಊರಲ್ಲಿ ಕ್ರೈಸ್ತರನ್ನು ಕರೆಯುವ ಮರ್ಯಾದೆಯ ಹೆಸರಿನಲ್ಲೇ. "ಏರ್‌ಪೋರ್ಟಲ್ಲಿ ಹಿಡೀತಾರೆ. ನನ್ನ ಅಂಗಡಿಯೂ ಹೋಯ್ತು."

"ನಿಮಗೆ ಗೊತ್ತಿಲ್ಲ ಬಿಡಿ ಜುಬೈದಾ. ಇದು ರಾಥ್. ನಾನು ಬೆರಳು ಎತ್ತಿದರೆ ಹೂಸ್ಟನ್ನಿಂದ ಹಾರಿ ಬರ್ತದೆ."

"ಬಂದು ಕೂತ್ಕೊಳ್ಳಿಕ್ಕೆ ಕುರ್ಚಿ ತಂದಿಡ್ತೇನೆ, ಬರ್ಲಿ" ಎಂದಳು ಅವಳು. ನಿಜವಾಗಿ ತಂದಿಟ್ಟಳು ಕೂಡ. ಕ್ಯಾಶ್ ಕೌಂಟರಿನ ಹಿಂದೆ, ಕಜೆತಾನನಿಗಾಗಿ, ತಿರುಗುವ ಕುರ್ಚಿ. ಕೂತರೆ ಹೊಸತನ ಹೋಗಬಾರದೆಂದು ಪ್ಲಾಸ್ಟಿಕ್ ಹೊದಿಕೆಯನ್ನೂ ತೆಗೆದಿರಲಿಲ್ಲ. ಜೀವಮಾನವಿಡೀ ಇನ್ನೊಬ್ಬರ ಕೈಕೆಳಗೆ ಕೂತವನು ಆ ಕುರ್ಚಿಯ ಮೇಲೆ ಮೆಲ್ಲಗೆ ಕೂತ. ಎರಡು ಸಲ ತಿರುಗಿ ನೋಡಿದ. ಮೂರನೆಯ ಸಲ ತಿರುಗಿದ್ದಕ್ಕೆ ಸತ್ವಾದಲ್ಲಿ ಗಾಳಿ ಎದ್ದಿತು.

ಅಷ್ಟರಲ್ಲಿ ಊರಿಗೆ ವ್ಯಾಟ್ ಬರುವ ಸುದ್ದಿ ಹಬ್ಬಿತು. ಜನವರಿಯಿಂದ ಎಮಿರೇಟ್ಸಿನಲ್ಲೂ ತೆರಿಗೆ! ತೆರಿಗೆಯ ಮುಖವನ್ನೇ ನೋಡದವರು ದೆವ್ವದ ಹೆಸರು ಕೇಳಿದಂತೆ ಬಾಗಿಲು ಹಾಕಿಕೊಂಡರು. ಆಗ ಎದ್ದು ನಿಂತವನು ಮೋಹನದಾಸ್. ಉಡುಪಿ ಕಡೆಯ ಅಕೌಂಟೆಂಟು, ಕಜೆತಾನನ ಎದುರು ಫ್ಲ್ಯಾಟಿನವನು. ಕಂಪೆನಿಯ ಖರ್ಚಲ್ಲಿ ಹೋಟೆಲೊಂದರಲ್ಲಿ ವ್ಯಾಟ್ ಕಾರ್ಯಾಗಾರಕ್ಕೆ ಹೋಗಿ, ಮಧ್ಯಾಹ್ನದ ಬುಫೆ ಮುಗಿಸಿ, ಭೂಮಂಡಲದ ಸಮಸ್ತ ತೆರಿಗೆಗಳ ಪಂಡಿತನಾಗಿ ಮರಳಿದ್ದ. ಒಂದು ಸಂಜೆ ಅವನು ಫೋನು ಹಿಡಿದುಕೊಂಡು ಬಂದ.

"ಕಜೆತಾನಣ್ಣಾ, ನಿಮ್ಮ ಅಮೆರಿಕದ್ದು ಸ್ವಲ್ಪ ಓದಿದೆ ಮಾರಾಯ್ರೇ. ಹೊಸ ಖಾತೆಗೆ ಯಾವಾಗ ಹಾಕಿದ್ದು?"

"ಆಗಸ್ಟಲ್ಲಿ."

"ಇದಕ್ಕೆ ಮುಂಚೆ ರಾಥ್ ಐ.ಆರ್.ಎ. ಅಂತ ಬೇರೆ ಇತ್ತಾ?"

"ಯಾಕೆ? ಇರಲಿಲ್ಲ."

"ಹಾಗಾದ್ರೆ ಖಲಾಸ್." ಮೋಹನದಾಸ್ ಫೋನಿನ ಪರದೆಯನ್ನು ಅವನ ಮೂಗಿಗೆ ತಾಗಿಸಿದ. "ಓದಿ. ಹೊಸ ಖಾತೆಗೆ ಐದು ವರ್ಷದ ಲೆಕ್ಕ ಹೊಸದಾಗಿ ಶುರು. ಹಳೆ ಕಂಪೆನಿಯಲ್ಲಿ ಕಳೆದ ವರ್ಷಗಳು ಇದಕ್ಕೆ ಸೇರುವುದಿಲ್ಲ."

ಗಲ್ಫಿನಲ್ಲಿ ಬದುಕಿದವರ ಕಿವಿಗೆ 'ಐದು ವರ್ಷ' ಎಂಬ ಮಾತು ಬಿದ್ದರೆ ಎದೆಯಲ್ಲಿ ಒಂದೇ ಗಂಟೆ ಬಾರಿಸುತ್ತದೆ: ಗ್ರಾಚುಯಿಟಿ. ಇಲ್ಲಿ ಕಂಪೆನಿ ಬದಲಿಸಿದರೆ ಹಳೆಯ ಸರ್ವಿಸು ಮಣ್ಣುಪಾಲು, ಹೊಸ ಕಡೆ ಮೊದಲ ದಿನದಿಂದ ಎಣಿಕೆ. ಅವಧಿ ಬರೆದ ಕರಾರಾದರೆ, ಐದು ವರ್ಷದೊಳಗೆ ರಾಜೀನಾಮೆ ಎಸೆದವನಿಗೆ ಅರಬರು ಹೇಳುವ 'ಮಾಫಿ', ಅಂದರೆ ಒಂದು ದಿರಹಮೂ ಇಲ್ಲ. ಮೋಹನದಾಸ್ ಅದೇ ಕನ್ನಡಕ ಹಾಕಿಕೊಂಡು ಅಮೆರಿಕವನ್ನು ಓದಿದ್ದ.

"ನಮ್ಮ ಗ್ರಾಚುಯಿಟಿಯ ಹಾಗೆಯೇ. ನಡುವೆ ಕೈ ಹಾಕಿದ್ರೆ ತೆರಿಗೆ, ಅದರ ಮೇಲೆ ದಂಡ. ಉಳಿಯುವುದು ಚಿಲ್ಲರೆ" ಎಂದು ಅವನು ಮುಗಿಸಿದ. "ನಿಮಗೆ ಇದೆಲ್ಲ ಗೊತ್ತಿದ್ದೇ ಇರ್ತದೆ, ಅಲ್ವಾ?"

ಅಲ್ಲಿಯೇ ಬಾಗಿಲು ಮುಚ್ಚಿದ್ದು. ಕಜೆತಾನ್ "ಗೊತ್ತಿಲ್ಲ, ಕೇಳಿ ನೋಡುವ" ಎಂದು ಬಿಟ್ಟಿದ್ದರೆ ಈ ಕತೆ ಹುಟ್ಟುವ ಮೊದಲೇ ಸಾಯುತ್ತಿತ್ತು. ಆದರೆ ಆ ಮೂರು ಪದ ಅವನ ನಾಲಗೆಯ ಮೇಲೆ ಯಾವತ್ತೂ ನಡೆದಿರಲಿಲ್ಲ.

"ಗೊತ್ತಿಲ್ಲದೆ ಏನು? ಐದು ವರ್ಷ ಲಾಕ್. ಸ್ವತಃ ಅಮೆರಿಕದ ಅಧ್ಯಕ್ಷ ಬಂದರೂ ತೆಗೆಯಲಿಕ್ಕಾಗುವುದಿಲ್ಲ."

ಬಾಯಿ ಹೀಗೆ ಗುಡುಗಿದರೂ ಮರುದಿನ ಗುಟ್ಟಾಗಿ ಖಾತೆಯ ಕಂಪೆನಿಗೆ ಫೋನು ಮಾಡಿದ. ಅವರ ಪುಕ್ಕಟೆ ನಂಬರು ದುಬೈಯಿಂದ ತಾಗಲಿಲ್ಲ. ಕಂಪ್ಯೂಟರಿನಿಂದ ಮಾಡೋಣವೆಂದರೆ ಅಂಥ ಕರೆಗಳಿಗೆ ಇಲ್ಲಿ ತಡೆ. ದುಡ್ಡು ಕೊಟ್ಟು ಮಾಡಿದಾಗ ಒಂದು ಪಿಟೀಲು ಸಂಗೀತ ಸಿಕ್ಕಿತು. ಅದನ್ನು ಅವನು ಎಷ್ಟು ಹೊತ್ತು ಕೇಳಿದನೆಂದರೆ, ಫೋನಿಟ್ಟ ಮೇಲೆ ಕುಕ್ಕರಿನ ಸೀಟಿಯೂ ಅದೇ ರಾಗದಲ್ಲಿ ಬಂತು.

ಡಿಸೆಂಬರು ಒಳಗೆ ಬಂದು ಸೋಫಾದ ಮೇಲೆ ಕಾಲು ಚಾಚಿ ಮಲಗಿತು. ಫ್ಲ್ಯಾಟಿನ ಗೋಡೆಗಳು ದಿನಕ್ಕೊಂದು ಗೇಣು ಹತ್ತಿರವಾದವು. ಕಜೆತಾನ್ ಬಾಲ್ಕನಿಗೆ ಹೋದರೆ ಬಾಲ್ಕನಿ ಕಿರಿದು, ಲಿಫ್ಟಿಗೆ ಹೋದರೆ ಉಸಿರೇ ಇಲ್ಲ. ದುಡ್ಡು ಇತ್ತು, ಅವನದೇ ಇತ್ತು, ಪರದೆಯ ಮೇಲೆ ದಿನಾ ಕಾಣುತ್ತಲೂ ಇತ್ತು. ಗಾಜಿನ ಆಚೆ ಅನ್ನ ಇಟ್ಟು ಈಚೆ ಹಸಿದವನನ್ನು ಕೂರಿಸಿದ ಹಾಗೆ.

"ಅಣ್ಣನ ಹತ್ತಿರ ಕೇಳುವುದಾ?" ಎಂದಳು ಜೋಸ್ಫಿನ್.

"ಸತ್ತರೂ ಇಲ್ಲ" ಎಂದ ಕಜೆತಾನ್. ಚೆಕ್ಕಿನ ತಾರೀಕಿಗೆ ಮೂರು ದಿನ ಉಳಿದಾಗ ಸಾಯದೆಯೇ ಹೋದ.

ಸೆಬಾಸ್ಟಿಯನ್ನನದು ಅಬುಧಾಬಿಯಲ್ಲಿ ಕಟ್ಟಡಗಳಿಗೆ ಕೆಲಸದಾಳು ಒದಗಿಸುವ ಕಂಪೆನಿ. ಊರ ಹೊರಗಿನ ಮುಸಫ್ಫಾದಲ್ಲಿ ಆ ಆಳುಗಳನ್ನು ಇರಿಸುವ ಅವನ ಲೇಬರ್ ಕ್ಯಾಂಪು. ಅವನು ಭಾವನ ಕತೆಯನ್ನು ಕೊನೆಯವರೆಗೆ ಕೇಳಿದ. ಚಾ ತರಿಸಿದ. ಚಾದ ಜೊತೆಗೆ ಒಂದು ಕರಾರುಪತ್ರವೂ ಬಂತು.

"ಬಾಡಿಗೆ ನಾನು ಕಟ್ತೇನೆ ಭಾವ. ನನಗೆ ಕ್ಯಾಂಪಿಗೊಬ್ಬ ಮ್ಯಾನೇಜರ್ ಬೇಕು. ಎರಡು ವರ್ಷ."

"ನಾನು? ಕ್ಯಾಂಪಿಗೆ?"

"ನನಗೆ ಗೊತ್ತಿಲ್ಲಪ್ಪ. ನಿಮಗೇ ಎಲ್ಲ ಗೊತ್ತಿರುವುದು. ಬೇರೆ ದಾರಿ ಇದ್ರೆ ಹೇಳಿ."

ಕಜೆತಾನ್ ಸಹಿ ಹಾಕಿದ. ಈ ಸಹಿಗೆ ಬಾಲ ಇರಲಿಲ್ಲ. ಸೆಬಾಸ್ಟಿಯನ್ ಕೈ ಚಾಚಿದ: "ಪಾಸ್‌ಪೋರ್ಟ್ ನಮ್ಮ ಆಫೀಸಲ್ಲಿರಲಿ. ಕಾನೂನಲ್ಲಿ ಇಲ್ಲ, ನಮ್ಮ ಕಂಪೆನಿಯಲ್ಲಿ ಉಂಟು. ಎಲ್ಲರದ್ದೂ ಇರ್ತದೆ." ನೀಲಿ ಪಾಸ್‌ಪೋರ್ಟು ಜೇಬಿನಿಂದ ಹೊರಟು ಕಬ್ಬಿಣದ ಡ್ರಾವರಿನೊಳಗೆ ಹೋಯಿತು. ಬೀಗ ಬಿದ್ದ ಸದ್ದಿಗೆ ಅಟ್ಲಾಂಟಿಕ್ ಸಾಗರದ ಆಚೆ ಸ್ವಾತಂತ್ರ್ಯ ದೇವತೆಯ ಪಂಜು ಒಮ್ಮೆ ಮಿಣಮಿಣ ಎಂದಿತು.

ಚೆಕ್ ಪಾಸಾಯಿತು. ಜುಬೈದ ನಡುಗೋಡೆ ಒಡೆಸಿ ಅಂಗಡಿ ದೊಡ್ಡದು ಮಾಡಿದಳು. ಕಜೆತಾನನ ಕುರ್ಚಿ ಕೌಂಟರಿನ ಹಿಂದೆ ಖಾಲಿ ತಿರುಗುತ್ತಿತ್ತು. ಅವನೋ ದಿನಾ ಬೆಳಿಗ್ಗೆ ಐದಕ್ಕೆ ಕಂಪೆನಿಯ ವ್ಯಾನು ಹತ್ತಿ ಮುಸಫ್ಫಾಕ್ಕೆ. ಅಲ್ಲಿ ಕಿಟಕಿಯಿಲ್ಲದ ಒಂದು ಡಬ್ಬಿ ಕೋಣೆ. ಎ.ಸಿ. ಎಷ್ಟು ಹಳೆಯದೆಂದರೆ ಅದು ಗಾಳಿಗಿಂತ ಹೆಚ್ಚು ನೆನಪುಗಳನ್ನು ಬಿಡುತ್ತಿತ್ತು. ಕಕ್ಕಸಿನ ನಲ್ಲಿ, ಮೆಸ್ಸಿನ ದಾಲು, ಯಾರ ಮಂಚ ಯಾರು ಹತ್ತಿದರು ಎಂಬ ಜಗಳ. ಹೂಸ್ಟನ್ನಿನ ವಾಲ್ವ್ ತಜ್ಞ ಬೊಬ್ಬೆ ಹೊಡೆದೇ ಅರ್ಧ ಆಯುಷ್ಯ ಖರ್ಚು ಮಾಡಿದ. "ಮ್ಯಾನೇಜರ್ ಸಾಬ್, ನಿಮ್ಮ ಪಾಸ್‌ಪೋರ್ಟೂ ಅದೇ ಡ್ರಾವರಲ್ಲಾ?" ಎಂದು ಪ್ಲಂಬರ್ ಪೂವಪ್ಪ ಒಂದು ದಿನ ಕೇಳಿದ. "ಅದು ಬೇರೆ ಡ್ರಾವರು" ಎಂದ ಕಜೆತಾನ್. ಅದೇ ಡ್ರಾವರು.

ವಸಂತ ಬಂದಾಗ ಅಮೆರಿಕಕ್ಕೆ ವರ್ಷದ ತೆರಿಗೆ ವಿವರ ಕಳಿಸುವ ಹೊತ್ತೂ ಬಂತು. ಖಾತೆ ಸಾಗಿಸಿದ್ದನ್ನು ತೋರಿಸಲೇಬೇಕು. ಹಿಂದೆಲ್ಲ ಕಂಪೆನಿಯೇ ಮಾಡಿಸುತ್ತಿತ್ತು. ಈ ಸಲ ಅವನು ಅಬುಧಾಬಿಯ ಅಲೆಕ್ಸಾಂಡರನ ಆಫೀಸು ಹುಡುಕಿಕೊಂಡು ಹೋದ. ಅಲೆಕ್ಸಾಂಡರ್ ಕುಂದಾಪುರದವನು, ಅಮೆರಿಕದ ತೆರಿಗೆಯಲ್ಲಿ ಪರವಾನಗಿ ಪಡೆದವನು, ಗಂಟೆಯ ಲೆಕ್ಕದಲ್ಲಿ ಫೀಸು ಎಣಿಸುವವನು. ಅವನ ಆಫೀಸಲ್ಲಿ ಕೆಮ್ಮಿದರೂ ಬಿಲ್ಲಿಗೆ ಸೇರುತ್ತದೆಂದು ಜನ ಬಾಯಿ ಮುಚ್ಚಿಕೊಂಡು ಕೂರುತ್ತಿದ್ದರು. ಕಜೆತಾನ್ ಬರುವ ದಾರಿಯಲ್ಲಿ ಅಲ್ ಮೀನಾದ ಮಾರುಕಟ್ಟೆಯಲ್ಲಿ ಅಂಜಲ್ ಮೀನು ಕೊಂಡು, ಅಲ್ಲಿಯೇ ಶುಚಿ ಮಾಡಿಸಿ ಚೀಲದಲ್ಲಿ ತಂದಿದ್ದ. ಅದನ್ನು ಕಾಲ ಬಳಿ ಇಟ್ಟುಕೊಂಡು ಸೋತ ಸ್ವರದಲ್ಲಿ ಹೇಳಿದ: "ದುಡ್ಡು ಸಾಗಿಸಿ ಆಯ್ತು. ಈಗ ಐದು ವರ್ಷ ಲಾಕ್ ಅಲ್ವಾ."

ಅಲೆಕ್ಸಾಂಡರ್ ತಲೆ ಎತ್ತಿದ. "ಯಾರು ಹೇಳಿದ್ದು?"

"ಹಾಗೆ... ಎಲ್ಲರಿಗೂ ಗೊತ್ತಿರುವುದೇ."

"ಹಳೆ ಖಾತೆಯಿಂದ ತೆಗೆಯುವಾಗ ನಿಮಗೆ ವಯಸ್ಸೆಷ್ಟು?"

"ಅರುವತ್ತು."

"ಆ ಖಾತೆ ಶುರುವಾಗಿ ಐದು ವರ್ಷ ದಾಟಿತ್ತಾ?"

"ಹತ್ತು ದಾಟಿತ್ತು."

"ಹಾಗಾದ್ರೆ ಎಂತದು ಲಾಕ್ ಮಾರಾಯ್ರೇ? ಆ ಚೀಲದಲ್ಲಿ ಮೀನಲ್ವಾ? ಕ್ಲೀನ್ ಮಾಡಿಸಿದ್ದಾ?"

"ಹೌದು."

"ಈಗ ಅದನ್ನು ಬೇರೆ ಚೀಲಕ್ಕೆ ಹಾಕಿದ್ರೆ ಪುನಃ ಚಿಪ್ಪು ಮೊಳೀತದಾ? ನಿಮ್ಮ ದುಡ್ಡು ಹಳೆ ಖಾತೆಯಲ್ಲೇ ಶುದ್ಧ ಆಗಿತ್ತು. ವಯಸ್ಸು ಐವತ್ತೊಂಬತ್ತೂವರೆ ದಾಟಿತ್ತು, ಖಾತೆಗೆ ಐದು ವರ್ಷವೂ ತುಂಬಿತ್ತು. ಹಾಗೆ ಬಂದ ಇಡೀ ಮೊತ್ತ, ಅಸಲು, ಲಾಭ ಎಲ್ಲ, ಹೊಸ ಖಾತೆಯಲ್ಲಿ ನಿಮ್ಮ ಅಸಲೇ. ಯಾವತ್ತು ಬೇಕಾದ್ರೂ ತೆಗೀರಿ, ತೆರಿಗೆ ಇಲ್ಲ, ದಂಡ ಇಲ್ಲ. ಐದು ವರ್ಷದ ಲೆಕ್ಕ ಸಾಗಿಸಿದ ಮೇಲೆ ಹೊಸದಾಗಿ ಹುಟ್ಟಿದ ಲಾಭಕ್ಕೆ ಮಾತ್ರ. ತೆಗೆಯುವಾಗ ಮೊದಲು ಹೊರಗೆ ಬರುವುದೂ ಅಸಲೇ. ವಯಸ್ಸು, ಐದು ವರ್ಷ, ಈ ಎರಡರಲ್ಲಿ ಒಂದು ಕಮ್ಮಿ ಇದ್ದಿದ್ರೆ ಕತೆ ಬೇರೆ ಇತ್ತು."

"ಡಿಸೆಂಬರಲ್ಲೂ ತೆಗೀಬಹುದಿತ್ತಾ?"

"ಆಗಸ್ಟಲ್ಲೇ ತೆಗೀಬಹುದಿತ್ತು."

ಕಜೆತಾನ್ ಕೂತ ಕುರ್ಚಿ ಏಳು ಮಹಡಿ ಕೆಳಗೆ ಹೋಗಿ ಪುನಃ ಮೇಲೆ ಬಂತು. ಬೀಗವೇ ಇರದ ಬಾಗಿಲಿಗೆ ಬೆನ್ನು ಕೊಟ್ಟು, ಎದುರಿಗಿದ್ದ ಕಬ್ಬಿಣದ ಬಾಗಿಲೊಳಗೆ ತಾನಾಗಿ ನಡೆದು ಹೋಗಿದ್ದ ಅವನು. ಮೀನಿನ ಚೀಲವನ್ನು ಅಲ್ಲಿಯೇ ಮರೆತು ಎದ್ದ. ಅಲೆಕ್ಸಾಂಡರ್ ಅದನ್ನು ಫೀಸಿನಲ್ಲಿ ಕಳೆಯಲಿಲ್ಲ.

ದುಡ್ಡು ತರಿಸಿಕೊಂಡು ಅವನು ಸೆಬಾಸ್ಟಿಯನ್ನನ ಮುಂದೆ ನಿಂತ. ನಡೆದದ್ದನ್ನು ಹೇಳಲೇಬೇಕಾಯಿತು. ಸೆಬಾಸ್ಟಿಯನ್ ಕೇಳುತ್ತ ಕೇಳುತ್ತ ಕರ್ಚೀಫಿನಿಂದ ಕಣ್ಣು ಒರಸಿಕೊಂಡ, ಅಳುವಲ್ಲ.

"ದುಡ್ಡು ತಕೊಳ್ತೇನೆ. ಆದರೆ ಕರಾರು ಎರಡು ವರ್ಷದ್ದು ಭಾವ. ನಡುವೆ ಬಿಟ್ಟು ಹೋದ್ರೆ ಲೇಬರ್ ಬ್ಯಾನ್ ಬೀಳ್ತದೆ. ಆಮೇಲೆ ಜುಬೈದಾಬಿಯ ಕೌಂಟರಲ್ಲಿ ಕೂತುಕೊಳ್ಳಲಿಕ್ಕೂ ಪರ್ಮಿಟ್ ಸಿಗುವುದಿಲ್ಲ."

"ನೀನೇ ಬಿಟ್ಟುಕೊಟ್ಟರೆ?"

"ಬಿಡ್ತೇನೆ. ಪಾಸ್‌ಪೋರ್ಟೂ ಕೊಡ್ತೇನೆ. ಒಂದೇ ಶರ್ತ." ಸೆಬಾಸ್ಟಿಯನ್ ಆ ಹಳೆಯ ನಗುವಿನ ಭರಣಿಯ ಮುಚ್ಚಳ ತೆಗೆದ. "ಶುಕ್ರವಾರ ಜುಬೈದಾಬಿಯಲ್ಲಿ ಊಟ ಉಂಟಲ್ಲ, ಅಲ್ಲಿ ಎಲ್ಲರ ಎದುರು ಎದ್ದು ನಿಂತು 'ನನಗೆ ಗೊತ್ತಿರಲಿಲ್ಲ' ಅಂತ ಹೇಳಬೇಕು. ಅಷ್ಟೇ. ಅದರ ಹಿಂದೆ ಮುಂದೆ ಇನ್ನೆಂತದೂ ಸೇರಿಸಬಾರದು."

"ಅಷ್ಟೇಯಾ?"

"ಅಷ್ಟೇ. ನಿಮಗೆ ಕಷ್ಟ ಆಗಬಹುದು."

ಗುರುವಾರ ಕ್ಯಾಂಪಿಗೆ ರಜೆ ಹಾಕಿ ಕಜೆತಾನ್ ದಿನವಿಡೀ ಸ್ನಾನದ ಕೋಣೆಯ ಕನ್ನಡಿಯ ಎದುರು ಅಭ್ಯಾಸ ಮಾಡಿದ. ಮೊದಲು ಗಂಟಲಿನಿಂದ ಗಾಳಿ ಮಾತ್ರ ಬಂತು. ಮಧ್ಯಾಹ್ನಕ್ಕೆ 'ನನಗೆ' ಬಂತು. ಸಂಜೆಗೆ ಇಡೀ ವಾಕ್ಯ ಹೊರಬಿದ್ದಾಗ ಕನ್ನಡಿ ಬಿರುಕು ಬಿಟ್ಟಿತೆಂದು ಜೋಸ್ಫಿನ್ ಇವತ್ತಿಗೂ ಆಣೆ ಹಾಕುತ್ತಾಳೆ.

ಶುಕ್ರವಾರ, ಅಲ್ಲಿಯ ವಾರದ ರಜೆ, ಚರ್ಚಿನಲ್ಲಿ ಪೂಜೆ ಮುಗಿಸಿ ಎಲ್ಲರೂ ಸತ್ವಾಕ್ಕೆ ಬಂದರು. ದೊಡ್ಡದಾದ ಅಂಗಡಿಯಲ್ಲಿ ಮೊದಲ ಔತಣ. ಡಿಸ್ಕವರಿ ಗಾರ್ಡನ್ಸಿನ ಅರ್ಧ, ಮಂಗಳೂರಿನ ಕಾಲು, ಟೈಲರುಗಳು ಪೂರ್ತಿ. ಜುಬೈದ ಕೌಂಟರಿನ ಕುರ್ಚಿಯ ಪ್ಲಾಸ್ಟಿಕ್ ಹೊದಿಕೆಯನ್ನು ಅವತ್ತೇ ತೆಗೆದು, ಒದ್ದೆ ಬಟ್ಟೆಯಲ್ಲಿ ಒರಸಿ ಇಟ್ಟಿದ್ದಳು. "ಇವತ್ತಿಂದ ಕೂತ್ಕೊಳ್ತೀರಲ್ಲ ಪೊರ್ಬುಗಳೇ? ಒಬ್ಬಳಿಂದ ಒಲೆಯೂ ಕೌಂಟರೂ ಆಗುವುದಿಲ್ಲ."

"ಇವತ್ತಿಂದ" ಎಂದ ಕಜೆತಾನ್.

ಸೆಬಾಸ್ಟಿಯನ್ ತಟ್ಟೆಯ ಪಕ್ಕದಲ್ಲಿ ನೀಲಿ ಪಾಸ್‌ಪೋರ್ಟು ಇಟ್ಟು ಗ್ಲಾಸಿಗೆ ಚಮಚ ಬಡಿದ. ಕಜೆತಾನ್ ಎದ್ದ. ಬಿರಿಯಾನಿಯ ಹಬೆಯೂ ನಿಂತು ನೋಡಿತು.

"ನನಗೆ ಗೊತ್ತಿರಲಿಲ್ಲ" ಎಂದ.

"ಕೇಳಲಿಲ್ಲ ಭಾವ."

"ನನಗೆ ಗೊತ್ತಿರಲಿಲ್ಲ!"

ಸೆಬಾಸ್ಟಿಯನ್ ಕೊಟ್ಟ ಮಾತಿನಂತೆ ಪಾಸ್‌ಪೋರ್ಟನ್ನು ಮೇಜಿನ ಮೇಲೆ ಈಚೆಗೆ ಜಾರಿಸಿದ. ಕಜೆತಾನನ ಬೆರಳು ಅದರ ಅಂಚಿಗೆ ತಾಗಿತು. ತಣ್ಣಗಿತ್ತು. ಎದೆಯೊಳಗೆ ಎಲ್ಲೋ ಒಂದು ಕಿಟಕಿ ತೆರೆದಂತಾಗಿ ಬಂಗುಡೆಯ ಪರಿಮಳ ಒಳಗೆ ಬಂತು. ಇನ್ನು ಕೂತರೆ ಸಾಕು.

"ಎಂತ ಗೊತ್ತಿರಲಿಲ್ಲ?" ಮೋಹನದಾಸ್ ಕೋಳಿಕಾಲು ಹಿಡಿದುಕೊಂಡೇ ಕೇಳಿದ. "ಆ ಐದು ವರ್ಷದ ವಿಷಯವಾ? ಲಾಕ್ ಇಲ್ಲವಂತೆ, ಜೋಸ್ಫಿನಕ್ಕ ಹೇಳಿದ್ರು. ನಾನಾದ್ರೆ ಫೋನಲ್ಲಿ ಓದಿದವ. ನೀವು ಅಷ್ಟು ವರ್ಷ ಅಮೆರಿಕದಲ್ಲಿದ್ದು ನಿಮ್ಮದೇ ಖಾತೆಯ ತಲೆಬುಡ ಗೊತ್ತಿರಲಿಲ್ಲ ಅಂತ ಆಯ್ತಲ್ಲ ಮಾರಾಯ್ರೇ!"

ಟೈಲರುಗಳು ನಕ್ಕರು. ಮೂರು ಕಾಲಿನ ಪ್ಯಾಂಟು ಹೊಲಿದವನೂ ನಕ್ಕ.

ಜೋಸ್ಫಿನ್ ಗಂಡನ ಅಂಗಿಯ ತುದಿ ಹಿಡಿದು ಕೆಳಗೆ ಎಳೆದಳು. ಅಂಗಿ ಕೂತಿತು, ಕಜೆತಾನ್ ಕೂರಲಿಲ್ಲ.

"ತಲೆಬುಡವಾ? ನಿನಗೆ ಗೊತ್ತಿಲ್ಲ ಬಿಡು, ನಾನು ಹೇಳ್ತೇನೆ!" ಅವನ ಕೈ ಪಾಸ್‌ಪೋರ್ಟು ಬಿಟ್ಟು ಗಾಳಿಗೆ ಎದ್ದಿತು. "ಒಂದು ಅಂಜಲ್ ಮೀನು ಅಂತ ಇಟ್ಟುಕೋ. ಕ್ಲೀನ್ ಮಾಡಿಸಿ ಆಗಿದೆ. ಬೇರೆ ಚೀಲಕ್ಕೆ ಹಾಕಿದೆ. ಚಿಪ್ಪು ಮೊಳೀತದಾ? ಅರುವತ್ತಕ್ಕೆ ತೆಗೆದ ಇಡೀ ಮೊತ್ತ ಹೊಸ ಖಾತೆಯಲ್ಲಿ ಅಸಲು! ಲೆಕ್ಕ ಹೊಸ ಲಾಭಕ್ಕೆ ಮಾತ್ರ!" ತಾನು ಹೇಳುತ್ತಿರುವುದು ತನಗೇ ಎಷ್ಟು ಚೆನ್ನಾಗಿ ಕೇಳಿಸಿತೆಂದರೆ ನಿಲ್ಲಿಸಲು ಕಾರಣವೇ ಸಿಗಲಿಲ್ಲ. ಕಣ್ಣಂಚಿನಲ್ಲಿ ಸೆಬಾಸ್ಟಿಯನ್ನನ ಎರಡು ಬೆರಳು ಪಾಸ್‌ಪೋರ್ಟಿನ ಮೇಲೆ ಬಂದು ಕೂತದ್ದು ಕಂಡಿತು. ಕಂಡೂ ನಾಲಗೆ ಮುಂದೆ ಓಡಿತು. ಅವನು ಅದರ ಹಿಂದೆ, ನಿಲ್ಲು ನಿಲ್ಲು ಎನ್ನುತ್ತ, ಏದುಸಿರು ಬಿಡುತ್ತ. "ನನಗೆ ಎಲ್ಲ ಗೊತ್ತಿತ್ತು! ಮೊದಲ ದಿನದಿಂದ ಗೊತ್ತಿತ್ತು! ಭಾವನಿಗೆ ಕ್ಯಾಂಪಲ್ಲಿ ಒಬ್ಬ ಜನ ಬೇಕಿತ್ತು, ಪಾಪ. ಸಹಾಯ ಮಾಡುವ ಅಂತ ಹೋದದ್ದು!"

"ಹೌದಾ ಭಾವ?" ಪಾಸ್‌ಪೋರ್ಟು ಮೇಜಿನ ಮೇಲೆ ಆಚೆಗೆ ಜಾರಿತು, ಸೆಬಾಸ್ಟಿಯನ್ನನ ಜೇಬಿಗೆ ಇಳಿಯಿತು. ಅರ್ಧ ಇಣುಕುವ ಹಾಗೆ. "ದೊಡ್ಡ ಉಪಕಾರ ಆಯ್ತು. ಯಲ್ಲಾ, ಊಟ ಮಾಡಿ, ಬಿರಿಯಾನಿ ತಣ್ಣಗಾಗ್ತದೆ. ನಾಳೆ ಐದಕ್ಕೆ ವ್ಯಾನು."

ಕಜೆತಾನನ ಬಾಯಿ ಇನ್ನೂ ತೆರೆದೇ ಇತ್ತು. ಮೋಹನದಾಸ್ "ಅಸಲು ಮೊದಲು ಬರ್ತದೆ ಅಂದ್ರೆ ಹೇಗೆ?" ಎಂದು ಕೇಳಿದ, ನಿಜವಾದ ಆಸಕ್ತಿಯಿಂದ. ಕಜೆತಾನ್ ಅವನತ್ತ ತಿರುಗಿ ವಿವರಿಸತೊಡಗಿದ.

ಜುಬೈದ ಸ್ವಲ್ಪ ಹೊತ್ತು ನಿಂತು ಕೇಳಿದಳು. ಆಮೇಲೆ ಒಳಗಿನಿಂದ ಅಕ್ಕಿಯ ಮೂಟೆಯೊಂದನ್ನು ಎಳೆದು ತಂದು, ಕೌಂಟರಿನ ಹಿಂದಿನ ಕುರ್ಚಿಯ ಮೇಲೆ ಕೂರಿಸಿದಳು.